ನೂರು ಮಕ್ಕಳಿಗೆ ಹಿಯರಿಂಗ್ ಏಡ್ ಹಂಚಬೇಕೆಂದಿದ್ದೇವೆ, ಮಾಡಬಹುದಾ?

ಪ್ರಶ್ನೆ: ನಾವು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನ ಹೈಸ್ಕೂಲ್ ಗೆಳೆಯರು. ಈಗ ಬೆಂಗಳೂರು, ದುಬೈ, ಅಮೆರಿಕ ಅಂತ ಚೆದುರಿ ಹೋಗಿದ್ದೇವೆ. ಊರಿಗೆ ಏನಾದರೂ ಮಾಡೋಣ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ 4 ಲಕ್ಷ ರೂಪಾಯಿ ಸೇರಿಸಿದ್ದೇವೆ. ಸರ್ಕಾರಿ ಶಾಲೆ, ಅಂಗನವಾಡಿಗಳಿಂದ ಕಿವಿ ಸರಿಯಾಗಿ ಕೇಳದ ಸುಮಾರು 100 ಮಕ್ಕಳ ಪಟ್ಟಿ ಬಂದಿದೆ. 3 ವರ್ಷದ ಮಗುವಿನಿಂದ ಹಿಡಿದು 17 ವರ್ಷದವರೂ ಇದ್ದಾರೆ. ಒಬ್ಬ ಡೀಲರ್ ಒಂದಕ್ಕೆ 3,500 ರೂಪಾಯಿಯಂತೆ 100 ಹಿಯರಿಂಗ್ ಏಡ್ ಕೊಡುತ್ತೇನೆ, ಒಂದೇ ದಿನದ ಕ್ಯಾಂಪ್‌ನಲ್ಲಿ ಹಾಕಿಕೊಡುತ್ತೇನೆ ಎಂದಿದ್ದಾರೆ. ಅಮೆರಿಕದ ಗೆಳೆಯ ಅಲ್ಲಿನವರು ಬಳಸಿ ಬಿಟ್ಟ ಏಡ್‌ಗಳನ್ನು ಸಂಗ್ರಹಿಸಿ ಕಳಿಸುತ್ತಾನಂತೆ. ದಿನಾಂಕವೂ ಗೊತ್ತಾಗಿದೆ. ಆದರೆ ಹೆಡ್‌ಮಾಸ್ಟರ್ ಒಬ್ಬರು, ಹಿಂದಿನ ಕ್ಯಾಂಪ್‌ನಲ್ಲಿ ಕೊಟ್ಟ ಮಿಷನ್‌ಗಳೆಲ್ಲ ನಮ್ಮ ಬೀರುವಿನಲ್ಲೇ ಬಿದ್ದಿವೆ, ಒಂದು ಮಗುವೂ ಹಾಕಿಕೊಳ್ಳುತ್ತಿಲ್ಲ ಎಂದರು. ಮಿಷನ್ ಹಾಕಿದರೆ ಇರೋ ಕಿವಿಯೂ ಹೋಗುತ್ತದೆ ಎಂಬ ಭಯ ಕೆಲವು ತಂದೆತಾಯಿಗಳಿಗೆ. ಈಗ ಏನು ಮಾಡೋಣ? ಕೈಬಿಡೋದಾ?

ಉತ್ತರ: ಕೈಬಿಡಬೇಡಿ. ಆದರೆ ಈಗಿರುವ ಪ್ಲಾನ್‌ನಂತೆ ಮಾಡಿದರೆ ಆ ಬೀರುವಿಗೆ ಇನ್ನೊಂದಿಷ್ಟು ಡಬ್ಬಗಳು ಸೇರುತ್ತವೆ, ಅಷ್ಟೆ.

ಅಂಥ ಬೀರುಗಳನ್ನು ನಾನೂ ನೋಡಿದ್ದೇನೆ. ಕೆಲವು ಮಿಷನ್‌ಗಳ ಡಬ್ಬವನ್ನೇ ತೆಗೆದಿರುವುದಿಲ್ಲ. ಕೊಟ್ಟವರಿಗೆ ಇದು ಬೇಜಾರಿನ ವಿಷಯ, ನಿಜ. ಆದರೆ ಮಕ್ಕಳು ಅಥವಾ ಅವರ ಅಪ್ಪ ಅಮ್ಮ ಸೋಮಾರಿಗಳು ಎಂದು ದಯವಿಟ್ಟು ತೀರ್ಮಾನಿಸಬೇಡಿ. ಮಗು ಮಿಷನ್ ಕಿತ್ತಿಟ್ಟರೆ ನೂರಕ್ಕೆ ನೂರು ಒಂದು ಕಾರಣ ಇರುತ್ತದೆ. ಆ ಕಾರಣ ಸಾಮಾನ್ಯವಾಗಿ ಮಿಷನ್ನಿನ ಆಚೆಗೆ ಇರುತ್ತದೆ.

ಮೊದಲು ಅಚ್ಚು. ಕಿವಿಯ ಹಿಂದೆ ಕೂರುವ ಏಡ್‌ನಿಂದ ಶಬ್ದ ಕಿವಿಯೊಳಗೆ ಹೋಗುವುದು ಅದೇ ಮಗುವಿನ ಕಿವಿಯ ಅಳತೆ ತೆಗೆದು ಮಾಡಿದ ಮೋಲ್ಡ್ ಮೂಲಕ. ಕ್ಯಾಂಪ್‌ಗಳಲ್ಲಿ ಇದಕ್ಕೆ ಸಮಯ ಇರುವುದಿಲ್ಲ. ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ರೆಡಿಮೇಡ್ ರಬ್ಬರ್ ತುದಿಗಳಲ್ಲಿ ಒಂದನ್ನು ಸಿಕ್ಕಿಸಿ ಕಳಿಸುತ್ತಾರೆ. ಸರಿಯಾಗಿ ಕೂರದ ತುದಿಯ ಸಂದಿಯಿಂದ ಶಬ್ದ ಹೊರಗೆ ಸೋರಿ ಮತ್ತೆ ಮೈಕ್‌ಗೆ ಹೋಗುತ್ತದೆ, ಕುಂಯ್ ಎಂದು ಸಿಳ್ಳೆ ಹೊಡೆಯುತ್ತದೆ. ಪಕ್ಕದ ಹುಡುಗರು ನಗುತ್ತಾರೆ. ಸಿಳ್ಳೆ ನಿಲ್ಲಲಿ ಎಂದು ಮಗು ವಾಲ್ಯೂಮ್ ಕಡಿಮೆ ಮಾಡುತ್ತದೆ, ಆಗ ಏನೂ ಕೇಳಿಸುವುದಿಲ್ಲ. ಕೇಳಿಸದ ವಸ್ತುವನ್ನು ಕಿವಿಗೆ ಯಾಕೆ ನೇತು ಹಾಕಿಕೊಳ್ಳಬೇಕು ಹೇಳಿ? ಸರಿಯಾದ ಅಚ್ಚು ಮಾಡಿಸಿದರೂ ಕೆಲಸ ಮುಗಿಯುವುದಿಲ್ಲ. ಮಕ್ಕಳ ಕಿವಿ ಬೆಳೆಯುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ, ಶಾಲೆಗೆ ಹೋಗುವವರಿಗೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಹೊಸ ಅಚ್ಚು ಬೇಕು.

ಆಮೇಲೆ ಸೆಲ್ಲು. ಈ ಏಡ್‌ಗಳಿಗೆ ಹಾಕುವುದು ಜಿಂಕ್-ಏರ್ ಬಟನ್ ಸೆಲ್. ಕಿತ್ತಳೆ ಸ್ಟಿಕ್ಕರ್‌ನದು 13ನೇ ನಂಬರ್, ನೀಲಿ ಸ್ಟಿಕ್ಕರ್‌ನದು 675. ಸ್ಟಿಕ್ಕರ್ ಕಿತ್ತ ಕ್ಷಣದಿಂದ ಗಾಳಿ ಒಳಗೆ ಹೋಗಿ ಸೆಲ್ ಕೆಲಸ ಶುರು ಮಾಡುತ್ತದೆ. ಬಳಸಲಿ ಬಿಡಲಿ, ಅಲ್ಲಿಂದ ಅದು ಸವೆಯುತ್ತಲೇ ಇರುತ್ತದೆ. ಇದನ್ನು ಯಾರೂ ಹೇಳಿಕೊಡದಿದ್ದರೆ ಎಲ್ಲ ಸ್ಟಿಕ್ಕರ್ ಒಟ್ಟಿಗೆ ಕಿತ್ತು ಡಬ್ಬದಲ್ಲಿ ಹಾಕಿಡುವ ಮನೆಗಳಿವೆ. ದಿನವಿಡೀ ಹಾಕಿಕೊಳ್ಳುವ ಮಗುವಿಗೆ 13ನೇ ನಂಬರ್ ಸೆಲ್ ಒಂದರಿಂದ ಎರಡು ವಾರ ಬರುತ್ತದೆ. ನಿಮ್ಮ ಸೀಮೆಯ ಒಣ ಬಿಸಿಲಿಗೆ ಇನ್ನೂ ಬೇಗ ಒಣಗುತ್ತದೆ. ಕ್ಯಾಂಪ್‌ನಲ್ಲಿ ಆರು ಸೆಲ್‌ನ ಒಂದು ಶೀಟ್ ಕೊಡುತ್ತಾರೆ. ಅದು ಖಾಲಿಯಾದ ಮೇಲೆ ಹಳ್ಳಿ ಅಂಗಡಿಯಲ್ಲಿ ಇದು ಸಿಗುವುದಿಲ್ಲ. ಅಲ್ಲಿಗೆ ಮಿಷನ್ ಬೀರುವಿಗೆ ಹೋಯಿತು.

ಮೂರನೆಯದು ಸೆಟ್ಟಿಂಗ್. ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಜನ ಕೇಳುವುದಿಲ್ಲ. ಒಂದು ಮಗುವಿಗೆ ಗುಡುಗಿನಂಥ ದಪ್ಪ ಸದ್ದು ಚೆನ್ನಾಗಿ ಕೇಳುತ್ತದೆ, ಹಕ್ಕಿಯ ಚಿಲಿಪಿಲಿಯಂಥ ಸಣ್ಣ ಸದ್ದು ಕೇಳುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತದೆ. ಆದರೆ ಸ, ಶ, ತ, ಕ ತರದ ಅಕ್ಷರಗಳು ಕಿವಿಗೆ ಬೀಳದೆ 'ಸಕ್ಕರೆ' ಯಾವುದು, 'ಅಕ್ಕರೆ' ಯಾವುದು ಗೊತ್ತಾಗುವುದಿಲ್ಲ. ಮೇಷ್ಟ್ರು 'ಇವನಿಗೆ ಗಮನ ಇಲ್ಲ' ಎನ್ನುತ್ತಾರೆ. ಇನ್ನೊಂದು ಮಗುವಿಗೆ ಎಲ್ಲ ಸದ್ದೂ ಸಮನಾಗಿ ಕಡಿಮೆ. ಈ ಇಬ್ಬರಿಗೂ ಒಂದೇ ಮಾದರಿಯ ಏಡ್ ಕೊಡಬಹುದು, ಒಂದೇ ಸೆಟ್ಟಿಂಗ್ ಕೊಡುವಂತಿಲ್ಲ. ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ತೋರಿಸುವ ಆಡಿಯೋಗ್ರಾಂ ತೆಗೆದು, ಅದನ್ನು ಕಂಪ್ಯೂಟರ್‌ಗೆ ಕೊಟ್ಟು, ಮಕ್ಕಳಿಗೆಂದೇ ಇರುವ ಲೆಕ್ಕದ ಪ್ರಕಾರ ಪ್ರತಿ ಕಿವಿಗೂ ಬೇರೆ ಬೇರೆ ಪ್ರೋಗ್ರಾಂ ಮಾಡಬೇಕು. ಒಂದು ದಿನದಲ್ಲಿ 100 ಮಕ್ಕಳಿಗೆ ಇದನ್ನು ಮಾಡಿ ಮುಗಿಸುವ ಆಡಿಯಾಲಜಿಸ್ಟ್ (ಕೇಳುವ ಶಕ್ತಿ ಪರೀಕ್ಷಿಸುವ ತಜ್ಞ) ಯಾರೂ ಇಲ್ಲ. ನಿಮ್ಮ ಡೀಲರ್ ಮಾಡುತ್ತೇನೆ ಎಂದರೆ ಅವರು ಹೇಳುತ್ತಿರುವುದು ಹಂಚುವ ಮಾತು.

ಇಲ್ಲಿಯೇ ತಂದೆತಾಯಿಗಳ ಭಯದ ಬಗ್ಗೆ ಹೇಳಿಬಿಡುತ್ತೇನೆ. ಮಿಷನ್ ಹಾಕಿದರೆ ಇರೋ ಕಿವಿಯೂ ಹೋಗುತ್ತದಾ? ಸರಿಯಾಗಿ ಸೆಟ್ ಮಾಡಿದ ಏಡ್‌ನಿಂದ ಹೋಗುವುದಿಲ್ಲ. ದಿನವಿಡೀ ಹಾಕಿಕೊಂಡು ರಾತ್ರಿ ತೆಗೆದಾಗ ಮಗುವಿಗೆ ಮೊದಲಿಗಿಂತ ಕಡಿಮೆ ಕೇಳಿದಂತೆ ಕಾಣುತ್ತದೆ. ಚೆನ್ನಾಗಿ ಕೇಳುವುದು ಈಗ ಅಭ್ಯಾಸವಾಗಿದೆ, ಅದಕ್ಕೇ ವ್ಯತ್ಯಾಸ ಎದ್ದು ಕಾಣುತ್ತದೆ. ಭಯ ಹುಟ್ಟುವುದು ಅಲ್ಲಿ. ಆದರೆ ಆ ತಾಯಂದಿರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಪರೀಕ್ಷೆಯಿಲ್ಲದೆ ಜೋರು ಪವರ್‌ನ ಏಡ್ ಹಾಕಿ, ಗರಿಷ್ಠ ಸದ್ದಿಗೆ ಮಿತಿ ಇಡದೆ ಬಿಟ್ಟರೆ ಉಳಿದಿರುವ ಕೇಳುವ ಶಕ್ತಿಗೂ ಪೆಟ್ಟು ಬೀಳಬಹುದು. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ 'ಸೌಂಡ್ ಆಂಪ್ಲಿಫೈಯರ್'ಗಳನ್ನು ಮಕ್ಕಳಿಗೆ ಬೇಡವೇ ಬೇಡ ಎನ್ನುವುದು ಇದಕ್ಕೇ. ಅವು ಬೇಡದ ದಪ್ಪ ಸದ್ದನ್ನು ಜಾಸ್ತಿ ಮಾಡುತ್ತವೆ, ಬೇಕಾದ ಸಣ್ಣ ಸದ್ದನ್ನು ಬಿಟ್ಟುಬಿಡುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆ ಕೊಡುವವರ ಕಡೆಯದು. ಕನ್ನಡಕ ಹಾಕಿದ ತಕ್ಷಣ ಕಾಣುತ್ತದೆ, ಇದನ್ನು ಹಾಕಿದ ತಕ್ಷಣ ಕೇಳಬೇಕು ಎಂದುಕೊಳ್ಳುತ್ತಾರೆ. ಕ್ಯಾಂಪ್‌ನಲ್ಲಿ ಮಗು ನಗುವ ಫೋಟೋ ಬರುತ್ತದೆ, ನಿಜ. ಆದರೆ ಶಬ್ದ ಕಿವಿಗೆ ಬೀಳುವುದು ಬೇರೆ, ಅದು ಮಾತು ಎಂದು ಮಿದುಳು ಗುರುತಿಸುವುದು ಬೇರೆ. ವರ್ಷಗಟ್ಟಲೆ ನಿಶ್ಶಬ್ದದಲ್ಲಿದ್ದ ಮಗುವಿಗೆ ಮೊದಲ ವಾರ ಫ್ಯಾನ್, ತಟ್ಟೆ, ಬೈಕ್, ತಗಡಿನ ಮೇಲೆ ಬೀಳುವ ಮಳೆ ಎಲ್ಲವೂ ಒಂದೇ ಗಲಾಟೆ. ದಿನಕ್ಕೆ ಒಂದೊಂದು ಗಂಟೆಯಿಂದ ಶುರು ಮಾಡಿ, ಮಾತಾಡಿಸುತ್ತಾ, ವಾರಗಳ ಮೇಲೆ ಹೆಚ್ಚಿಸಬೇಕು. ಈ ಹೊತ್ತಿನಲ್ಲಿ ಧೈರ್ಯ ಹೇಳಲು ಯಾರೂ ಇಲ್ಲದಿದ್ದರೆ ಮಗು ಕಿತ್ತು ಹಾಕುತ್ತದೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಅದರಲ್ಲಿ ಎಲ್ಲರಿಗೂ ಹಿಯರಿಂಗ್ ಏಡ್ ಬೇಕಾಗಿಲ್ಲ. ಕೆಲವರ ಕಿವಿ ತುಂಬ ಗುಗ್ಗೆ ಇರುತ್ತದೆ. ಅದನ್ನು ತೆಗೆದರೆ ಮುಗಿಯಿತು. ಹಲವರಿಗೆ ಕಿವಿ ಸೋರುತ್ತಿರುತ್ತದೆ. ಬಡ ಮನೆಗಳಲ್ಲಿ ನೆಗಡಿ, ಗಂಟಲು ನೋವಿಗೆ ಸರಿಯಾದ ಚಿಕಿತ್ಸೆ ಸಿಗದೆ ಮಧ್ಯಕಿವಿಗೆ ಸೋಂಕು ಹೋಗುತ್ತದೆ, ಪರದೆ ತೂತಾಗುತ್ತದೆ. ಅದಕ್ಕೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ ಎಂದು ಪ್ರತಿ ಶಾಲೆಯಲ್ಲೂ ಹೇಳಿ. ಸೋರುವ ಕಿವಿಗೆ ಅಚ್ಚು ತುರುಕಿದರೆ ಗಾಳಿಯಾಡದೆ ಸೋಂಕು ಹೆಚ್ಚುತ್ತದೆ. ತೂತಿರುವ ಕಿವಿಯಲ್ಲಿ ಎಚ್ಚರಿಕೆಯಿಲ್ಲದೆ ಅಚ್ಚಿನ ಅಳತೆ ತೆಗೆಯಲು ಹೋದರೆ ಆ ಪೇಸ್ಟ್ ಮಧ್ಯಕಿವಿಗೇ ಇಳಿದು, ಆಪರೇಷನ್ ಮಾಡಿ ತೆಗೆಯಬೇಕಾದ ಪರಿಸ್ಥಿತಿ ಬರಬಹುದು. ಹಾಗಾಗಿ ಇಎನ್‌ಟಿ ಡಾಕ್ಟರ್ ನೋಡದೆ ಯಾವ ಮಗುವಿನ ಕಿವಿಗೂ ಏನನ್ನೂ ಹಾಕಬಾರದು. ಔಷಧಿ, ಬೇಕಿದ್ದರೆ ಪರದೆ ಸರಿಪಡಿಸುವ ಆಪರೇಷನ್ ಆದ ಮೇಲೆ ಏಡ್ ಬೇಡವೇ ಆಗುವ ಮಕ್ಕಳೂ ಇರುತ್ತಾರೆ. 100ರ ಪಟ್ಟಿ ಅರ್ಧಕ್ಕಿಂತ ಕೆಳಗೆ ಇಳಿದರೆ ಆಶ್ಚರ್ಯಪಡಬೇಡಿ, ಖುಷಿಪಡಿ.

ಬಾಲ್ಯದ ಕಿವಿ ತೊಂದರೆಗಳಲ್ಲಿ ಸುಮಾರು 60 ಶೇಕಡಾ ತಡೆಯಬಹುದಾದ ಕಾರಣಗಳಿಂದ ಬರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋರುವ ಕಿವಿ, ಬಸುರಿನಲ್ಲಿ ರುಬೆಲ್ಲಾ, ಹುಟ್ಟುವಾಗ ಉಸಿರುಗಟ್ಟುವುದು, ಜೋರು ಕಾಮಾಲೆ, ಮಿದುಳು ಜ್ವರ, ಕಿವಿಗೆ ಹಾನಿ ಮಾಡುವ ಕೆಲವು ಇಂಜೆಕ್ಷನ್‌ಗಳು ಇದರಲ್ಲಿ ಸೇರಿವೆ. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಜಾಸ್ತಿ. ಹುಟ್ಟು ಕಿವುಡಿಗೆ ಅದೂ ಒಂದು ಕಾರಣ. ಒಂದೇ ಮನೆಯ ಇಬ್ಬರು ಮಕ್ಕಳು ನಿಮ್ಮ ಪಟ್ಟಿಯಲ್ಲಿದ್ದರೆ ಮೂರನೆಯದನ್ನೂ ಪರೀಕ್ಷೆ ಮಾಡಿಸಿ.

ಪಟ್ಟಿಯಲ್ಲಿರುವ 3 ವರ್ಷದ ಮಗುವನ್ನು ನಿಮ್ಮ ಕ್ಯಾಂಪ್‌ವರೆಗೆ ಕಾಯಿಸಬೇಡಿ. ಈ ವಾರವೇ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಈ ಕೇಂದ್ರಗಳಿವೆ. ಇಷ್ಟು ಚಿಕ್ಕ ಮಗುವಿಗೆ ಬೇರಾ ಪರೀಕ್ಷೆ ಬೇಕಾಗಬಹುದು. ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತವಾ ಎಂದು ಮಗು ಮಲಗಿರುವಾಗ ನೋಡುವ ಪರೀಕ್ಷೆ ಅದು. ಏಡ್‌ನಿಂದಲೂ ಪ್ರಯೋಜನ ಇಲ್ಲದಷ್ಟು ಕಿವುಡಿದ್ದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಯೋಚಿಸಬೇಕು. ಹುಟ್ಟು ಕಿವುಡಿನ ಮಕ್ಕಳಿಗೆ ಕೇಂದ್ರ ಯೋಜನೆಯಲ್ಲಿ ಅದಕ್ಕೆ 5 ವರ್ಷದ ವಯಸ್ಸಿನ ಮಿತಿ ಇದೆ. ಇಲ್ಲಿ ಪ್ರತಿ ತಿಂಗಳಿಗೂ ಬೆಲೆ ಇದೆ.

ಇನ್ನೊಂದು ತುದಿಯಲ್ಲಿ, 10 ವರ್ಷ ದಾಟಿದ, ಹುಟ್ಟಿನಿಂದ ಪೂರ್ತಿ ಕಿವುಡಾದ, ಯಾವತ್ತೂ ಏಡ್ ಹಾಕದ ಮಕ್ಕಳಿರುತ್ತಾರೆ. ಕಹಿಯಾದರೂ ಹೇಳಬೇಕು, ಈಗ ಏಡ್ ಹಾಕಿದರೆ ಮಾತು ಬರುತ್ತದೆ ಎಂದು ಅವರ ಅಪ್ಪ ಅಮ್ಮನಿಗೆ ಆಸೆ ಹುಟ್ಟಿಸಬೇಡಿ. ಹಾರ್ನ್, ಕೂಗು ಗೊತ್ತಾಗಬಹುದು. ಅದೂ ಉಪಯೋಗವೇ. ಆದರೆ ಆ ಮಕ್ಕಳಿಗೆ ಬೇಕಿರುವುದು ಸಂಜ್ಞಾ ಭಾಷೆ, ಅದರಲ್ಲಿ ಕಲಿಸುವ ಶಾಲೆ, ತಮ್ಮಂಥವರ ಗೆಳೆತನ. ಕೈಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬುದೂ ಸುಳ್ಳು.

ಹದಿಹರೆಯದವರದ್ದು ಬೇರೆಯೇ ಕತೆ. 15 ವರ್ಷದ ಹುಡುಗನಿಗೆ ಕೇಳುವುದಕ್ಕಿಂತ 'ಕೆಪ್ಪ' ಅನ್ನಿಸಿಕೊಳ್ಳದಿರುವುದು ಮುಖ್ಯ. ಹುಡುಗಿಯರ ಮನೆಯಲ್ಲಿ ಗಂಡಿನ ಕಡೆಯವರು ನೋಡಿಬಿಟ್ಟರೆ ಎಂಬ ಹೆದರಿಕೆ. ಮೈಕ್ ಮುಂದೆ ವೇದಿಕೆ ಹತ್ತಿಸಿ, ಹಾರ ಹಾಕಿದ ಗಣ್ಯರ ಕೈಯಿಂದ ಕಿವಿಗೆ ಮಿಷನ್ ಹಾಕಿಸಿ, ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದರೆ ಅವರು ಮಾರನೆಯ ದಿನವೇ ಅದನ್ನು ಬಚ್ಚಿಡುತ್ತಾರೆ. ನಾನಾದರೂ ಬಚ್ಚಿಡುತ್ತಿದ್ದೆ. ಬಣ್ಣ ಅವರೇ ಆರಿಸಲಿ, ಪ್ರೋಗ್ರಾಂ ಮಾಡುವಾಗ ಅವರನ್ನೇ ಕೇಳಿ, ಫೋಟೋ ಬೇಡ.

ಹಾಗಾದರೆ ದುಡ್ಡನ್ನು ಎಲ್ಲಿ ಹಾಕುವುದು? ಲೆಕ್ಕ ಹಾಕೋಣ. ಎರಡೂ ಕಿವಿಗೆ ತೊಂದರೆಯಿದ್ದರೆ ಎರಡು ಏಡ್ ಬೇಕು. ಒಂದೊಂದೇ ಕೊಟ್ಟು ಸಂಖ್ಯೆ 100 ತೋರಿಸುವುದು ಕ್ಯಾಂಪ್‌ಗಳ ಹಳೆಯ ಚಾಳಿ. ಡೀಲರ್ ಬೆಲೆಯಲ್ಲಿ ಜೋಡಿಗೆ 7,000 ರೂಪಾಯಿ. ಹತ್ತು ದಿನಕ್ಕೊಂದು ಸೆಲ್ ಎಂದರೂ ಎರಡು ಕಿವಿಗೆ ವರ್ಷಕ್ಕೆ 73 ಸೆಲ್. ಒಂದಕ್ಕೆ 30 ರೂಪಾಯಿ ಹಿಡಿದರೆ 2,190 ರೂಪಾಯಿ, ಮೂರು ವರ್ಷಕ್ಕೆ 6,570. ಅಂದರೆ ಸೆಲ್ಲಿಗೇ ಹೆಚ್ಚುಕಡಿಮೆ ಏಡ್‌ಗಳಷ್ಟೇ ಖರ್ಚು! ಅಚ್ಚಿಗೆ ಒಂದಕ್ಕೆ 500 ಎಂದುಕೊಂಡರೆ ಮೂರು ವರ್ಷಕ್ಕೆ 3,000. ಮೇಲೆ ಬಸ್ ಚಾರ್ಜು, ಕೂಲಿ ಬಿಟ್ಟು ಬರುವ ಅಪ್ಪನ ಆ ದಿನದ ಸಂಬಳ. ನಿಮ್ಮ ಪ್ಲಾನ್‌ನಲ್ಲಿ ಏಡ್‌ಗೆ ಮೂರೂವರೆ ಲಕ್ಷ ಹೋಗಿ, ಉಳಿದೆಲ್ಲದಕ್ಕೂ ಮಗುವಿಗೆ 500 ರೂಪಾಯಿ ಉಳಿಯುತ್ತದೆ.

ಏಡ್ ಮಾತ್ರ ಸರ್ಕಾರದಿಂದ ಉಚಿತವಾಗಿ ಸಿಗುವ ದಾರಿ ಇದೆ. ಅಂಗವಿಕಲರಿಗೆ ಸಾಧನ ಕೊಡುವ, 1981ರಿಂದ ನಡೆಯುತ್ತಿರುವ ಎಡಿಪ್ ಎಂಬ ಕೇಂದ್ರ ಯೋಜನೆ ಅದು. ಮನೆಯ ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷದ ನಂತರ ಮತ್ತೆ ಕೇಳಬಹುದು, ದೊಡ್ಡವರಿಗೆ ಮೂರು ವರ್ಷ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಅಚ್ಚು, ತರಬೇತಿ ಎಲ್ಲವೂ ಒಂದೇ ಕಡೆ ಇದೆ. ಆದರೆ ನಿಮ್ಮ ತಾಲ್ಲೂಕಿನಿಂದ ಅದು ಇಡೀ ರಾತ್ರಿಯ ಪ್ರಯಾಣ.

ಈ ಯೋಜನೆಗೆ 40 ಶೇಕಡಾ ಅಂಗವಿಕಲತೆಯ ಸರ್ಟಿಫಿಕೇಟ್ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಎರಡೂ ಕಿವಿಯಲ್ಲಿ ಕೇಳುವ ನಷ್ಟ 60 ಡೆಸಿಬಲ್ (ಸದ್ದಿನ ಅಳತೆ) ಮುಟ್ಟಿದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 45, 50 ಡೆಸಿಬಲ್ ತೊಂದರೆ ಇರುವ ಮಗು ಎಲ್ಲಿಗೂ ಸೇರುವುದಿಲ್ಲ. ಅದು ಮಾತಾಡುತ್ತದೆ, ಹತ್ತಿರದಿಂದ ಹೇಳಿದರೆ ಕೇಳುತ್ತದೆ. ಹಿಂದಿನ ಬೆಂಚಲ್ಲಿ ಕೂತರೆ ಪಾಠದ ಅರ್ಧವೂ ಸಿಗುವುದಿಲ್ಲ, ಕೊನೆಗೆ ಶಾಲೆ ಬಿಡುತ್ತದೆ. ಏಡ್‌ನಿಂದ ತುಂಬ ಬೇಗ, ತುಂಬ ಚೆನ್ನಾಗಿ ಸುಧಾರಿಸುವವರು ಈ ಮಕ್ಕಳೇ. ನಿಮ್ಮ ಹಣದಲ್ಲಿ ಏಡ್ ಕೊಳ್ಳುವುದಾದರೆ ಇವರಿಗೆ ಕೊಳ್ಳಿ. ಸರ್ಟಿಫಿಕೇಟ್ ಸಿಗುವ ಮಕ್ಕಳಿಗೆ ಏಡ್ ಎಡಿಪ್‌ನಿಂದ ಬರಲಿ, ಸೆಲ್ಲು, ಅಚ್ಚು, ಓಡಾಟ ನಿಮ್ಮಿಂದ ಹೋಗಲಿ. ಹೀಗೆ ಮಾಡಿದರೆ 4 ಲಕ್ಷದಲ್ಲಿ ಸುಮಾರು 30 ಮಕ್ಕಳನ್ನು ಮೂರು ವರ್ಷ ನೋಡಿಕೊಳ್ಳಬಹುದು. ಗುಂಪಿನಲ್ಲಿ 'ಬರೀ 30ಆ?' ಎಂದು ಕೇಳುವವರು ಇರುತ್ತಾರೆ. ಅವರಿಗೆ ಆ ಬೀರುವಿನ ಫೋಟೋ ಕಳಿಸಿ.

ಈ ದಾರಿಯಲ್ಲೂ ತೊಡಕಿದೆ. ಸರ್ಟಿಫಿಕೇಟ್, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ಆದಾಯ ಪತ್ರ ಎಂದು ತಿಂಗಳುಗಟ್ಟಲೆ ಓಡಾಡಬೇಕು. ಊರಲ್ಲೇ ಇರುವ ಒಬ್ಬರು ಬೆನ್ನು ಹತ್ತದಿದ್ದರೆ ಆಗುವುದಿಲ್ಲ. ನಿಮ್ಮ ಗೆಳೆಯರಲ್ಲಿ ಅಂಥವರಿಲ್ಲದಿದ್ದರೆ ಆಶಾ ಕಾರ್ಯಕರ್ತೆಯರನ್ನು, ತಾಲ್ಲೂಕಿನ ವಿಶೇಷ ಶಿಕ್ಷಕರನ್ನು ಜೊತೆಗೆ ತೆಗೆದುಕೊಳ್ಳಿ, ಅವರ ಪೆಟ್ರೋಲ್ ಖರ್ಚು ಕೊಡಿ.

ಅಮೆರಿಕದ ಹಳೆಯ ಏಡ್‌ಗಳ ವಿಷಯ. ಗೆಳೆಯನ ಮನಸ್ಸು ದೊಡ್ಡದು, ಆದರೆ ನಾನು ಬೇಡ ಎನ್ನುತ್ತೇನೆ. ಪ್ರತಿ ಕಂಪನಿಗೂ ಬೇರೆ ಸಾಫ್ಟ್‌ವೇರ್, ಬೇರೆ ಕೇಬಲ್. ಬಿಡಿಭಾಗ ಇಲ್ಲಿ ಸಿಗುವುದಿಲ್ಲ. ವಯಸ್ಸಾದವರಿಗೆ ಮಾಡಿದ ಪುಟ್ಟ ಮಾಡೆಲ್‌ಗಳಲ್ಲಿ ಸೆಲ್ ಬಾಗಿಲಿಗೆ ಲಾಕ್ ಇರುವುದಿಲ್ಲ, ಚಿಕ್ಕ ಮಕ್ಕಳು ಬಟನ್ ಸೆಲ್ ನುಂಗಿದರೆ ಪ್ರಾಣಕ್ಕೇ ಅಪಾಯ. ಒಂದೇ ಕಂಪನಿಯ ಒಂದೇ ಮಾಡೆಲ್ ಹತ್ತಾರು ಸಿಕ್ಕಿ, ಇಲ್ಲಿನ ಆಡಿಯಾಲಜಿಸ್ಟ್ ನಾನು ಪ್ರೋಗ್ರಾಂ ಮಾಡಬಲ್ಲೆ ಎಂದರೆ ಮಾತ್ರ ಯೋಚಿಸಬಹುದು. ಅಲ್ಲಿ 2022ರಿಂದ ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಏಡ್‌ಗಳನ್ನು ಕಳಿಸುತ್ತೇನೆ ಎಂದರೂ ಬೇಡ. ಅಲ್ಲಿನ ಕಾನೂನಿನಲ್ಲೇ ಅವು 18 ದಾಟಿದವರಿಗೆ ಮಾತ್ರ.

ಸೆಲ್ಲಿನ ಕಾಟ ನಮ್ಮ ಊರಿಗಷ್ಟೇ ಸೀಮಿತವಲ್ಲ. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಇದಕ್ಕೇ ಸೋಲಾರ್ ಇಯರ್ ಎಂಬ ಪ್ರಯತ್ನ ಹುಟ್ಟಿತು. ಮತ್ತೆ ಮತ್ತೆ ಚಾರ್ಜ್ ಆಗುವ ಸೆಲ್, ಬಿಸಿಲಿನಿಂದ ಓಡುವ ಪುಟ್ಟ ಚಾರ್ಜರ್. ಅದನ್ನು ಜೋಡಿಸುವ ಕೆಲಸದಲ್ಲಿ ಕಿವುಡರೇ ಇದ್ದರು. ಚಾರ್ಜ್ ಆಗುವ ಏಡ್‌ಗಳು ಈಗ ಇಲ್ಲೂ ಸಿಗುತ್ತವೆ, ಬೆಲೆ ಜಾಸ್ತಿ. ಬ್ಯಾಟರಿ ಕೆಟ್ಟರೆ ಯಾರು ಬದಲಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಪ್ರತಿ ಶಾಲೆಯಲ್ಲಿ ಒಬ್ಬ ಟೀಚರ್‌ಗೆ ಅರ್ಧ ದಿನದ ತರಬೇತಿ ಕೊಡಿಸಿ. ಸೆಲ್ ಟೆಸ್ಟರ್, ಏಡ್‌ನ ಸದ್ದು ಕೇಳಿ ನೋಡುವ ಸ್ಟೆತೋಕ್ಲಿಪ್, ಅಚ್ಚಿನ ನೀರು ಊದುವ ಬ್ಲೋಅರ್, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿ, ಇಷ್ಟಿದ್ದರೆ ಸಾಕು. ದಿನಾ ಬೆಳಿಗ್ಗೆ ಮಗುವಿಗೆ ತುಟಿ ಕಾಣದಂತೆ ಮ್, ಊ, ಆ, ಈ, ಶ್, ಸ್ ಎಂಬ ಆರು ಸದ್ದು ಹೇಳಿ, ಮಗು ತಿರುಗಿ ಹೇಳುತ್ತದಾ ನೋಡಬೇಕು. ಒಂದು ನಿಮಿಷದ ಕೆಲಸ. ನಿನ್ನೆ ಹೇಳಿದ 'ಸ್' ಇವತ್ತು ಬರಲಿಲ್ಲ ಎಂದರೆ ಸೆಲ್ಲೋ, ಅಚ್ಚೋ, ಕಿವಿಯೋ ಏನೋ ಕೆಟ್ಟಿದೆ ಎಂದರ್ಥ. ಏಡ್ ಹಾಕಿದ ಮೇಲೂ ಮಗುವನ್ನು ಮುಂದಿನ ಬೆಂಚಿನಲ್ಲೇ ಕೂರಿಸಬೇಕು. ಒಂದೆರಡು ಮೀಟರ್ ದಾಟಿದರೆ, ಅದರಲ್ಲೂ ಗದ್ದಲದ ಕ್ಲಾಸಿನಲ್ಲಿ, ಏಡ್‌ನ ಉಪಯೋಗ ತುಂಬಾ ಇಳಿಯುತ್ತದೆ.

ಇನ್ನು ಗೊತ್ತು ಮಾಡಿದ ದಿನಾಂಕ. ಅದನ್ನು ಬಿಡಬೇಡಿ, ಶಾಮಿಯಾನ ಮಾತ್ರ ಬಿಡಿ. ಆ ದಿನ ಇಎನ್‌ಟಿ ಡಾಕ್ಟರ್ ಮತ್ತು ಆಡಿಯಾಲಜಿಸ್ಟ್ ಕರೆಸಿ ಬರೀ ಕಿವಿ ನೋಡಿಸಿ, ಗುಗ್ಗೆ ತೆಗೆಸಿ, ಸೋರುವವರಿಗೆ ಚಿಕಿತ್ಸೆ ಶುರು ಮಾಡಿಸಿ, ಉಳಿದವರನ್ನು ಸದ್ದಿಲ್ಲದ ಕೋಣೆಯಲ್ಲಿ ಪರೀಕ್ಷೆ ಮಾಡುವ ಕಡೆಗೆ ಬರೆಸಿಕೊಳ್ಳಿ. ಡೀಲರ್‌ಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಕೊಡುವ ಮುಂಚೆ ಮೂರು ಮಾತು ಕೇಳಿ. ಪ್ರೋಗ್ರಾಂ ಮಾಡುವವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನಂಬರ್ ಇದೆಯಾ? ಆರು ತಿಂಗಳ ನಂತರ ಮಗುವಿನ ಏಡ್ ಕೆಟ್ಟರೆ ರಿಪೇರಿಗೆ ಯಾವ ಊರಿಗೆ ಹೋಗಬೇಕು? 100ರ ಬದಲು 20 ಏಡ್ ತೆಗೆದುಕೊಂಡು ಉಳಿದ ಹಣಕ್ಕೆ ಮೂರು ವರ್ಷ ಸೆಲ್ಲು, ಅಚ್ಚು ಕೊಡುತ್ತೀರಾ? ಮೂರನೆಯದಕ್ಕೆ ಹೂಂ ಎಂದರೆ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಊಹೂಂ ಎಂದರೆ ಬೇರೆ ಡೀಲರ್ ನೋಡಿ.